ಸರ್ವಿಸ್ ಚಾರ್ಜ್ ನಮ್ಮಿಂದ ತಗೊಂಡಿರಿ, ಸರ್ವಿಸ್ ಪಕ್ಕದ ಟೇಬಲ್‌ಗೆ ಹೋಯಿತು

ಗೆ,
ಮ್ಯಾನೇಜರ್ ಮತ್ತು ಮಾಲೀಕರು,
ರೂಫ್‌ಟಾಪ್ ರೆಸ್ಟೋರೆಂಟ್, ಹುಬ್ಬಳ್ಳಿ

ವಿಷಯ: ನನ್ನ ಹುಟ್ಟುಹಬ್ಬಕ್ಕೆ ಬುಕ್ ಮಾಡಿದ್ದ ಟೇಬಲ್ ಬೇರೆಯವರಿಗೆ ಕೊಟ್ಟದ್ದು, ಒತ್ತಾಯದ ಸರ್ವಿಸ್ ಚಾರ್ಜ್, ಹಣ ವಾಪಸ್ ಕೊಡುವ ಬಗ್ಗೆ

ನಮಸ್ಕಾರ.

ದುಡ್ಡಿನ ಲೆಕ್ಕದಿಂದಲೇ ಶುರು ಮಾಡುತ್ತೇನೆ, ಇಲ್ಲದಿದ್ದರೆ ಮಾತು ಎಲ್ಲೆಲ್ಲೋ ಹೋಗುತ್ತದೆ. ಏಳು ಕೋರ್ಸ್ ಊಟಕ್ಕೆ ತಲಾ 1,800 ರೂಪಾಯಿಯಂತೆ ನಾಲ್ಕು ಜನಕ್ಕೆ 7,200. ಟೇಬಲ್ ಡೆಕೊರೇಷನ್‌ಗೆ 1,500. ನಾವೇ ತಂದ ಕೇಕ್ ಕತ್ತರಿಸಲು ಚಾಕು, ತಟ್ಟೆ ಕೊಟ್ಟಿದ್ದಕ್ಕೆ 300. ಅಲ್ಲಿಗೆ 9,000. ಅದರ ಮೇಲೆ ಶೇ 10 ಸರ್ವಿಸ್ ಚಾರ್ಜ್, ಅಂದರೆ 900. ಎಲ್ಲದರ ಮೇಲೆ ಶೇ 5 ಜಿಎಸ್‌ಟಿ, 495. ಒಟ್ಟು 10,395 ರೂಪಾಯಿ. ಸರ್ವಿಸ್ ಚಾರ್ಜ್ ಮೇಲೂ ಜಿಎಸ್‌ಟಿ ಹಾಕಿದ್ದೀರಿ, ಹಾಗಾಗಿ ಅದೊಂದೇ ನಮಗೆ 945 ರೂಪಾಯಿಗೆ ಬಿತ್ತು. ಬಿಲ್ ಫೋಟೊ ಈ ಪತ್ರದ ಜೊತೆಗಿದೆ.

ಕೇಕ್‌ನ 300ಕ್ಕೆ ನನ್ನ ತಕರಾರಿಲ್ಲ. ಜಾಸ್ತಿ ಅನ್ನಿಸಿತು ನಿಜ, ಆದರೆ ಬುಕಿಂಗ್ ಮಾಡುವಾಗಲೇ ಹೇಳಿದ್ದಿರಿ, ನಾವು ಒಪ್ಪಿದ್ದೆವು. ಒಪ್ಪದೆ ಇದ್ದದ್ದು ಸರ್ವಿಸ್ ಚಾರ್ಜ್. ಅದನ್ನು ತೆಗೆಯಿರಿ ಎಂದು ನಮ್ಮ ಮನೆಯವರು ಕೌಂಟರ್‌ನಲ್ಲಿ ಕೇಳಿದಾಗ ನಿಮ್ಮ ಫ್ಲೋರ್ ಮ್ಯಾನೇಜರ್ ಕೊಟ್ಟ ಉತ್ತರ, "ಕಂಪಲ್ಸರಿ ಸರ್, ಸಿಸ್ಟಮ್‌ನಲ್ಲಿ ತಾನಾಗಿಯೇ ಬರುತ್ತೆ." ತಾನಾಗಿಯೇ ಬರಬಾರದು ಎಂದೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ. ಬಿಲ್‌ಗೆ ಸರ್ವಿಸ್ ಚಾರ್ಜ್ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟು ವಸೂಲಿ ಮಾಡುವಂತಿಲ್ಲ, ಕೊಡಿ ಎಂದು ಒತ್ತಾಯಿಸುವಂತಿಲ್ಲ, ಊಟದ ಬಿಲ್‌ಗೆ ಸೇರಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ಇದನ್ನು ಪ್ರಶ್ನಿಸಿ ರೆಸ್ಟೋರೆಂಟ್ ಸಂಘಗಳು ಕೋರ್ಟಿಗೆ ಹೋಗಿದ್ದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಆ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. "ಅದು ದೆಹಲಿಯದಲ್ವಾ?" ಎಂದೂ ನಿಮ್ಮವರು ಕೇಳಿದರು. ಕೋರ್ಟ್ ದೆಹಲಿಯದು, ಮಾರ್ಗಸೂಚಿ ಇಡೀ ದೇಶದ್ದು. ಹುಬ್ಬಳ್ಳಿ ಅದರ ಹೊರಗೆ ಇಲ್ಲ.

ಹಿಂದೆ ಜನ ನಿಂತಿದ್ದರು, ಅತ್ತೆಗೆ ಸುಸ್ತಾಗಿತ್ತು, ಧಾರವಾಡಕ್ಕೆ ವಾಪಸ್ ಹೋಗಬೇಕಿತ್ತು. ಕೊಟ್ಟು ಬಂದೆವು. ಕೊಟ್ಟಿದ್ದೇವೆ ಅಂದ ಮಾತ್ರಕ್ಕೆ ಒಪ್ಪಿದ್ದೇವೆ ಅಂತಲ್ಲ.

ಈಗ ಆ ರಾತ್ರಿ ಆದದ್ದು ಏನು ಅಂತ ಹೇಳುತ್ತೇನೆ. ಅದು ಸುಮ್ನೆ ಒಂದಾದ ಮೇಲೊಂದು ಆದ ಎಡವಟ್ಟಲ್ಲ, ಎಲ್ಲದಕ್ಕೂ ಮೂಲ ಒಂದೇ. ಅದನ್ನು ನೀವು ಇನ್ನೂ ಪತ್ತೆ ಹಚ್ಚಿಲ್ಲ ಅನ್ನುವುದು ಮರುದಿನ ಫೋನಿನಲ್ಲಿ ಮಾತಾಡಿದಾಗ ನನಗೆ ಗೊತ್ತಾಯಿತು. "ಶನಿವಾರ ರಶ್ ಇತ್ತು ಮ್ಯಾಮ್" ಅಷ್ಟೇ ನಿಮ್ಮ ವಿವರಣೆ. ಅಲ್ಲ, ರಶ್ ಅಲ್ಲ.

ಬುಕಿಂಗ್ ಮಾಡುವಾಗ ವಾಟ್ಸಾಪ್‌ನಲ್ಲಿ ಮೂರು ವಿಷಯ ಬರೆದಿದ್ದೆ. ನೃಪತುಂಗ ಬೆಟ್ಟದ ಕಡೆಯ ದೀಪಗಳು ಕಾಣುವ, ರೇಲಿಂಗ್ ಪಕ್ಕದ ಟೇಬಲ್ ಬೇಕು. ಅತ್ತೆ ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನುವುದಿಲ್ಲ, ಅವರ ತಟ್ಟೆಗೆ ಅದು ಬರಬಾರದು. ಸ್ಪೀಕರ್‌ನಲ್ಲಿ ಹಾಡು ಹಾಕಿ ಎಲ್ಲರೂ ತಿರುಗಿ ನೋಡುವ ಹಾಗೆ ಮಾಡಬೇಡಿ, ಒಂದು ಮೇಣದಬತ್ತಿ ಸಾಕು. ನಿಮ್ಮಿಂದ ಬಂದ ಉತ್ತರ, "ನೋಟೆಡ್ ಮ್ಯಾಮ್, ಟೇಬಲ್ 12 ಕನ್ಫರ್ಮ್ಡ್." ಅದೇ ದಿನ 3,000 ಅಡ್ವಾನ್ಸ್ ಹಾಕಿದೆ. ಸ್ಕ್ರೀನ್‌ಶಾಟ್ ಇದೆ.

ಹೇಳಿದ ಹೊತ್ತಿಗೆ ಬಂದು ನೋಡಿದರೆ 12ರಲ್ಲಿ ಬೇರೊಂದು ಕುಟುಂಬ ಕೂತಿದೆ. ನಮ್ಮನ್ನು ಅಡುಗೆಮನೆ ಬಾಗಿಲ ಪಕ್ಕ ಕೂರಿಸಿದಿರಿ. ಆ ಬಾಗಿಲು ತೆರೆದಾಗಲೆಲ್ಲ ಒಗ್ಗರಣೆ ಘಾಟು ನೇರ ಮುಖಕ್ಕೆ. ಅದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ನೀವು ಬದಲಾಯಿಸಿದ್ದು ಜನರನ್ನು ಮಾತ್ರ, ಅಡುಗೆಮನೆಯಲ್ಲಿದ್ದ ಚೀಟಿಯನ್ನಲ್ಲ. ಯಾರಿಗೆ ಕೊಡಬೇಕು ಅನ್ನುವಲ್ಲಿ ಚೀಟಿಯಲ್ಲಿ ನನ್ನ ಹೆಸರಿರಲಿಲ್ಲ, "12" ಅಂತ ಮಾತ್ರ ಇತ್ತು. ಹಾಗಾಗಿ ನಾನು ಕೇಳಿದ್ದೆಲ್ಲ, ದುಡ್ಡು ಕೊಟ್ಟಿದ್ದೆಲ್ಲ, ಕ್ರಮವಾಗಿ, ತಪ್ಪದೆ, 12ಕ್ಕೆ ಹೋಯಿತು.

ಬಲೂನು, ಹೂವು, ಸಣ್ಣ ಲೈಟಿನ ಸರ ಅಲ್ಲೇ. ಮೊದಲ ಕೋರ್ಸ್ ಪುಟ್ಟ ಕಾಗದದ ಕೋನ್‌ನಲ್ಲಿ ಮಂಡಕ್ಕಿಯ ಗಿರ್ಮಿಟ್. ಅತ್ತೆಯ ಕೋನ್ ಮೇಲೆ ಹಸಿ ಉಳ್ಳಾಗಡ್ಡಿ ಉದುರಿಸಿದ್ದಿರಿ, ಒಳಗಿನ ಒಗ್ಗರಣೆಯಲ್ಲೂ ಅದೇ. ಅತ್ತ 12ರಲ್ಲಿ ಒಬ್ಬರು ತಮ್ಮ ಕೋನ್ ಹಿಡಿದುಕೊಂಡು, "ಇದಕ್ಕೆ ಉಳ್ಳಾಗಡ್ಡಿನೇ ಹಾಕಿಲ್ಲಲ್ರೀ" ಎಂದು ವೇಟರ್‌ನನ್ನು ಕೇಳುತ್ತಿದ್ದರು. ತಿಂಡಿ ಗಾಡಿಗಳಿಗೆ ಹೆಸರಾದ ದುರ್ಗದಬೈಲ್‌ ಇರುವ ಊರಲ್ಲಿ ಉಳ್ಳಾಗಡ್ಡಿ ಇಲ್ಲದ ಗಿರ್ಮಿಟ್ ತಿಂದವರು ಅವರು. ಅವರೂ ನಿಮಗೊಂದು ದೂರು ಬರೆದರೆ ನನಗೆ ಆಶ್ಚರ್ಯವಿಲ್ಲ.

ನಾವು ಹೇಳಿದ್ದಕ್ಕೆ ಬಂದ ಪರಿಹಾರ ಏನು ಗೊತ್ತಾ? "ಮೇಲಿಂದ ತೆಗೆದುಕೊಡ್ತೀವಿ ಮ್ಯಾಮ್." ಅತ್ತೆ ಏನೂ ಅನ್ನಲಿಲ್ಲ, ಕೋನ್ ಅನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಆಮೇಲೆ ಬಂದ ಪ್ರತಿ ತಟ್ಟೆಯ ಬಗ್ಗೆಯೂ ಅವರಿಗೆ ಅನುಮಾನ. ಯಾವುದರಲ್ಲಿ ಏನಿದೆ ಅಂತ ಖಚಿತವಾಗಿ ಹೇಳುವವರು ನಿಮ್ಮಲ್ಲಿ ಯಾರೂ ಇರಲಿಲ್ಲ. ಹಾಗಾಗಿ 1,800 ರೂಪಾಯಿಯ ಊಟದಲ್ಲಿ ಅವರು ತಿಂದದ್ದು ಒಂದು ಬಟ್ಟಲು ಮೊಸರನ್ನ, ಕೊನೆಯ ಸಿಹಿ. ಮೊಸರನ್ನವೂ ನಾವು ಕೇಳಿದ ಮೇಲೆ ಬಂದದ್ದು.

ಕೊನೆಗೆ ಲೈಟ್ ಆಫ್ ಆಯಿತು. ಚಾಕೊಲೇಟ್ ಸಾಸ್‌ನಲ್ಲಿ ಹೆಸರು ಬರೆದ ತಟ್ಟೆ, ಮೇಲೊಂದು ಮೇಣದಬತ್ತಿ, ಸದ್ದಿಲ್ಲದೆ, ಚೆಂದವಾಗಿ, ನಾನು ಕೇಳಿದ ಹಾಗೆಯೇ ಬಂತು. ಬಂದದ್ದು 12ಕ್ಕೆ. ಅಲ್ಲಿ ಒಬ್ಬ ಹುಡುಗನ ಹುಟ್ಟುಹಬ್ಬ ಇತ್ತು, ಎದುರಿಗೆ ನನ್ನ ಹೆಸರಿನ ತಟ್ಟೆ. ಸ್ವಲ್ಪ ಹೊತ್ತಿಗೆ ಸ್ಪೀಕರ್ ಜೋರಾಗಿ ಕಿರುಚಿತು, ಸಿಬ್ಬಂದಿ ಚಪ್ಪಾಳೆ ತಟ್ಟುತ್ತಾ ಬಂದು ಆ ಹುಡುಗನ ಹೆಸರಿನ ತಟ್ಟೆಯನ್ನು ನನ್ನ ಮುಂದಿಟ್ಟರು, ಇಡೀ ರೂಫ್‌ಟಾಪ್ ತಿರುಗಿ ನೋಡಿತು. ಎದ್ದು ಹೋಗಿ ತಟ್ಟೆ ಅದಲು ಬದಲು ಮಾಡಿಕೊಂಡು ಬಂದದ್ದು ನನ್ನ ಮಗಳು. ಅಷ್ಟರಲ್ಲಿ ನನ್ನ ತಟ್ಟೆಯ ಮೇಣದಬತ್ತಿಯನ್ನು ಆ ಹುಡುಗ ಆರಿಸಿಯಾಗಿತ್ತು, ಪಾಪ, ಅವನ ತಪ್ಪೇನಿದೆ.

ಹಾಗಾಗಿ ಒಂದು ಮಾತು. ಬುಕಿಂಗ್ ಅನ್ನು ಹೆಸರಿನ ಮೇಲೆ ಇಡಿ, ಟೇಬಲ್ ನಂಬರ್ ಮೇಲೆ ಬೇಡ. ಟೇಬಲ್ ಬದಲಾಯಿಸಿದ ತಕ್ಷಣ ಅಡುಗೆಮನೆಗೆ ಹೇಳುವವರು ಒಬ್ಬರಿರಲಿ. ಉಳ್ಳಾಗಡ್ಡಿಯ ಜಾಗದಲ್ಲಿ ಶೇಂಗಾ ಅಲರ್ಜಿ ಇರುವವರು ಯಾರಾದರೂ ಇದ್ದಿದ್ದರೆ? ನಿಮ್ಮ ಮೆನುವಿನಲ್ಲಿ ಶೇಂಗಾ ಇಲ್ಲದ ಕೋರ್ಸ್ ಹುಡುಕಬೇಕು.

ಅಡುಗೆ ಬಗ್ಗೆಯೂ ಹೇಳಬೇಕು. ದುಡ್ಡು ವಾಪಸ್ ಕೇಳಲಿಕ್ಕಲ್ಲ. ನೀವು ಇದನ್ನು "ಉತ್ತರ ಕರ್ನಾಟಕ ಟೇಸ್ಟಿಂಗ್ ಮೆನು" ಎಂದು ಮಾರುತ್ತಿದ್ದೀರಿ, ತಿನ್ನುವವರು ಇಲ್ಲಿಯವರೇ. ನಾಲ್ಕನೇ ಕೋರ್ಸ್‌ನಲ್ಲಿ ಬಂದ ಜೋಳದ ರೊಟ್ಟಿ ಅಂಗೈಯಷ್ಟಿತ್ತು. ಇರಲಿ, ಟೇಸ್ಟಿಂಗ್ ಅಂದರೆ ಸಣ್ಣದೇ. ಆದರೆ ಅದು ಎಷ್ಟೋ ಹೊತ್ತಿಗೆ ಮೊದಲೇ ತಟ್ಟಿ ಬೇಯಿಸಿ ಒಂದರ ಮೇಲೊಂದು ಪೇರಿಸಿಟ್ಟದ್ದು. ಅಂಚು ಮೇಲೆದ್ದಿತ್ತು, ನಡುವೆ ತಣ್ಣಗೆ, ಹರಿದರೆ ಚಪ್ಪಲಿ ಅಟ್ಟೆ ಹಾಗೆ ಎಳೆಯುತ್ತಿತ್ತು. "ಇದು ಬಿಸಿ ರೊಟ್ಟಿನೂ ಅಲ್ಲ, ಖಡಕ್ ರೊಟ್ಟಿನೂ ಅಲ್ಲ" ಅಂದರು ಅತ್ತೆ, ಮುಟ್ಟಿ ನೋಡಿಯೇ. ರೊಟ್ಟಿಗೆ ಇರುವುದು ಎರಡೇ ದಾರಿ. ಹಂಚಿನಿಂದ ನೇರ ತಟ್ಟೆಗೆ ಬರಬೇಕು, ಇಲ್ಲವೇ ಪೂರ್ತಿ ಒಣಗಿಸಿ ತಿಂಗಳುಗಟ್ಟಲೆ ಇಡುವ ಖಡಕ್ ಆಗಬೇಕು. ನಡುವಿನದ್ದು ಯಾರಿಗೂ ಬೇಡ. ಎಣ್ಣೆಗಾಯಿಯ ಶೇಂಗಾ, ಎಳ್ಳಿನ ಮಸಾಲೆ ಚೆನ್ನಾಗಿತ್ತು, ಅದು ತುಂಬಿದ್ದ ಬದನೆಕಾಯಿ ತೊಟ್ಟಿನ ಹತ್ತಿರ ಇನ್ನೂ ಹಸಿ.

ಅದರ ಸುತ್ತ ಕೆಂಪು ಎಣ್ಣೆಯ ಹನಿ ಹಾಕಿ, "ಬ್ಯಾಡಗಿ ಚಿಲ್ಲಿ ಆಯಿಲ್, ತುಂಬಾ ಖಾರ, ಹುಷಾರು" ಎಂದು ಹೇಳಿಸುತ್ತೀರಿ. ಯಾರಿಗೆ ಹೇಳುತ್ತಿದ್ದೀರಿ? ನನ್ನ ತವರು ಹಾವೇರಿ ಜಿಲ್ಲೆ. ಬ್ಯಾಡಗಿ ಮೆಣಸಿನಕಾಯಿ ಹೆಸರುವಾಸಿಯಾದದ್ದೇ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ. ಸುಕ್ಕುಸುಕ್ಕಾದ ಆ ಕಾಯಿಯಿಂದ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ಬೆಂಗಳೂರಿನಿಂದ ಬಂದವರು ಹೆದರಬಹುದೇನೋ, ನಾವು ನಕ್ಕೆವು.

ಚೆನ್ನಾಗಿದ್ದದ್ದನ್ನೂ ಹೇಳಬೇಕಲ್ವಾ. ಬೆಣ್ಣೆಯಲ್ಲಿ ಹುರಿದ ಸಣ್ಣ ಆಲೂಗಡ್ಡೆಗೆ ಗುರೆಳ್ಳು ಹಿಂಡಿ ಹಚ್ಚಿ, ಕೆಳಗೆ ಕೆನೆಮೊಸರು ಹಾಕಿದ್ದಿರಿ. ಅದು ಬಹಳ ರುಚಿ. ಇಂಥದ್ದು ಮಾಡಬಲ್ಲ ಕೈ ನಿಮ್ಮ ಅಡುಗೆಮನೆಯಲ್ಲಿದೆ, ಅದಕ್ಕೇ ಸಿಟ್ಟು ಜಾಸ್ತಿ ಬರುವುದು. ಅದಾದ ಮೇಲೆ ಮುಂದಿನ ಕೋರ್ಸ್‌ಗೆ ಸುಮಾರು ನಲವತ್ತು ನಿಮಿಷ. ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು. ಆ ತುದಿಯಿಂದ ಈ ತುದಿಗೆ ನಡೆದು ಮತ್ತೆ ವಾಪಸ್ ಬರಬಹುದಿತ್ತು.

ಇದನ್ನು ಹೇಳಿದಾಗ ಕೆಲವರು ನನಗೇ ಬುದ್ಧಿ ಹೇಳಿದರು, ಸುಮ್ನೆ ಒಂದು ಒಳ್ಳೆ ಖಾನಾವಳಿಗೆ ಹೋಗಬೇಕಿತ್ತು, ಬಿಸಿ ರೊಟ್ಟಿ ಸಿಗುತ್ತಿತ್ತು ಅಂತ. ಖಾನಾವಳಿಗೆ ನಾವು ಹೋಗುತ್ತಲೇ ಇರುತ್ತೇವೆ. ಈ ಸಲ ನನಗೆ ಬೇಕಿದ್ದದ್ದು ಅದಲ್ಲ. ವರ್ಷವಿಡೀ ಮನೆಯಲ್ಲಿ ಯಾರಿಗೆ ಏನು ಆಗುತ್ತೆ, ಏನು ಆಗಲ್ಲ ಅಂತ ನೆನಪಿಟ್ಟುಕೊಂಡು ಬಡಿಸುವವಳು ನಾನು. ಒಂದು ರಾತ್ರಿ ಆ ನೆನಪಿಟ್ಟುಕೊಳ್ಳುವ ಕೆಲಸ ಬೇರೆಯವರು ಮಾಡಲಿ ಅಂತ ಆಸೆಯಿತ್ತು. ಫೈನ್ ಡೈನಿಂಗ್ ಅಂತ ಜಾಸ್ತಿ ದುಡ್ಡು ಕೊಡುವುದು ಅದಕ್ಕೇ ಅಲ್ವಾ? ತಟ್ಟೆಯ ಮೇಲೆ ಚಿಮಟಿಯಿಂದ ಸೊಪ್ಪಿನ ಎಲೆ ಇಡುವುದಕ್ಕಲ್ಲ. ಇಂಥ ಊಟಕ್ಕೆ ನಮ್ಮ ಕಡೆಯವರು ಗೋವಾಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಹುಬ್ಬಳ್ಳಿಯಲ್ಲೇ ಇರಲಿ, ಇಲ್ಲಿಯ ಊಟವೇ ಇರಲಿ ಅಂತ ಹುಡುಕಿ ಹುಡುಕಿ ನಿಮ್ಮಲ್ಲಿಗೆ ಬಂದೆವು.

ನಮ್ಮ ಕಡೆ ನೋಡುತ್ತಿದ್ದ ವೇಟರ್ ಹುಡುಗನನ್ನು ಈ ಪತ್ರ ಓದಿ ಬೈಯಬೇಡಿ. ಅವನ ಹೆಸರನ್ನು ಬೇಕೆಂದೇ ಬರೆದಿಲ್ಲ. ಅಷ್ಟು ಟೇಬಲ್‌ಗಳಿಗೆ ಅವನೊಬ್ಬನೇ ಓಡಾಡುತ್ತಿದ್ದ, ಮೊಸರನ್ನ ತಂದುಕೊಟ್ಟವನೂ ಅವನೇ. ಅವನಿಗೆ ಕೊಡಬೇಕಾದ್ದನ್ನು ಅವನ ಕೈಯಲ್ಲೇ ಕೊಟ್ಟಿದ್ದೇವೆ.

ನಾನು ಕೇಳುತ್ತಿರುವುದು ಇಷ್ಟು. ಸರ್ವಿಸ್ ಚಾರ್ಜ್ ಜಿಎಸ್‌ಟಿ ಸೇರಿ 945. ಬೇರೆಯವರು ಕೂತಿದ್ದ ಟೇಬಲ್‌ನ ಡೆಕೊರೇಷನ್ ಹಣ ಜಿಎಸ್‌ಟಿ ಸೇರಿ 1,575. ಅತ್ತೆ ತಿನ್ನಲಾಗದ ಊಟದ್ದು 1,890. ಒಟ್ಟು 4,410 ರೂಪಾಯಿ. ಉಳಿದ ಮೂವರ ಊಟದ ದುಡ್ಡು ಇಟ್ಟುಕೊಳ್ಳಿ, ತಣ್ಣಗಿನ ರೊಟ್ಟಿ ಸಮೇತ. ಮುಂದಿನ ಸಲಕ್ಕೆ ಶೇ 20 ಡಿಸ್ಕೌಂಟ್ ಕೂಪನ್ ಕೊಡುತ್ತೇವೆ ಎಂದು ಫೋನಿನಲ್ಲಿ ಹೇಳಿದಿರಿ, ಅದು ಬೇಡ. ಅದನ್ನು ಬಳಸಬೇಕೆಂದರೆ ನಾವು ಮತ್ತೆ ನಿಮಗೇ ದುಡ್ಡು ಕೊಡಬೇಕು.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಹಣ ಬರಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲಿಯೂ ಆಗದಿದ್ದರೆ ಇ-ಜಾಗೃತಿ ಪೋರ್ಟಲ್ ಮೂಲಕ ಧಾರವಾಡ ಜಿಲ್ಲಾ ಗ್ರಾಹಕ ಆಯೋಗಕ್ಕೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕು ಅಂತಿಲ್ಲ, ದೂರು ಕೊಡಲು ಎರಡು ವರ್ಷ ಸಮಯವಿದೆ. ಇಷ್ಟು ಸಣ್ಣ ಮೊತ್ತಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ನೀವು ಅಂದುಕೊಂಡಿದ್ದರೆ, ನಾನು ಕೆಡಿಸಿಕೊಳ್ಳುತ್ತೇನೆ.

ಅಡ್ವಾನ್ಸ್ ಹಾಕಿದ್ದ ಅದೇ ಯುಪಿಐ ಐಡಿಗೆ ಹಣ ಹಾಕಿ. ಉತ್ತರವನ್ನು ಬರಹದಲ್ಲೇ ಕೊಡಿ, ಫೋನ್ ಬೇಡ.

ಜೊತೆಗಿರುವುದು: ಬಿಲ್ ಫೋಟೊ, ವಾಟ್ಸಾಪ್ ಸ್ಕ್ರೀನ್‌ಶಾಟ್, ಬೇರೆಯವರ ಹೆಸರಿದ್ದ ತಟ್ಟೆಯ ಫೋಟೊ (ಹುಡುಗನ ಹೆಸರು ಕಾಣದ ಹಾಗೆ ಮುಚ್ಚಿದ್ದೇನೆ).

ಇಂತಿ,
ಟೇಬಲ್ 12 ಬುಕ್ ಮಾಡಿದ್ದ ಗ್ರಾಹಕಿ
ಸಾಧನಕೇರಿ, ಧಾರವಾಡ