ಐಚ್ಛಿಕ ಪೇಪರ್ ಅಂದ್ಮೇಲೆ ಇಚ್ಛೆಗೆ ಬಿಡಿ

ಸಂಪಾದಕರಿಗೆ ನಮಸ್ಕಾರ,

ನನ್ನ ಮಗಳು ಎಂಎ ಅರ್ಥಶಾಸ್ತ್ರ ಓದ್ತಿದಾಳೆ, ಐಚ್ಛಿಕ ಪೇಪರ್ ಆರಿಸೋಕೆ ಅಂತ ಫಾರ್ಮ್ ಕೊಟ್ರು, ಅದ್ರಲ್ಲಿ ಇದ್ದಿದ್ದು ಬರೀ ಪೇಪರ್ ಹೆಸರು, ಒಳಗೆ ಏನ್ ಕಲಿಸ್ತಾರೆ ಅಂತ ಒಂದು ಸಾಲೂ ಇಲ್ಲ. ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ಕ್ಲಾಸಲ್ಲಿ ಮುಕ್ಕಾಲು ಜನ ಒಂದೇ ಪೇಪರ್‌ಗೆ ಟಿಕ್ ಹಾಕಿದ್ರಂತೆ. ಇವಳಿಗೆ ಇಷ್ಟ ಕೃಷಿ ಅರ್ಥಶಾಸ್ತ್ರ, ಯಾಕಂದ್ರೆ ಇವಳ ತಾಯಿ ಊರು ಕಲಬುರಗಿ ಕಡೆ, ತೊಗರಿ ರೇಟ್ ಬಿದ್ದಾಗ ಅಜ್ಜ ಚೀಲಗಳನ್ನ ಮಾರದೆ ಪಡಸಾಲೆಯಲ್ಲೇ ಇಟ್ಕೊಂಡು ಕೂತಿದ್ದನ್ನ ಕಣ್ಣಾರೆ ನೋಡಿದವಳು. ಆ ಪೇಪರ್‌ಗೆ ಸೇರಿದ್ದು ಆರೇ ಜನ, ಹಾಗಾಗಿ ಕ್ಯಾನ್ಸಲ್!

ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ 2002ರ ನಂಜುಂಡಪ್ಪ ವರದಿ ರಾಜ್ಯದ 175 ತಾಲ್ಲೂಕಲ್ಲಿ 114 ಹಿಂದುಳಿದಿವೆ ಅಂತ ಹೇಳಿತ್ತು, ಅಂಥ ಕಡೆಯ ರೈತರ ಕಷ್ಟ ಅರ್ಥ ಮಾಡಿಸೋ ವಿಷಯ ಓದ್ತೀನಿ ಅಂತ ಮಕ್ಕಳೇ ಮುಂದೆ ಬಂದಾಗ ಬೇಡ ಅನ್ನೋದು ಸರಿನಾ?

ಇಕನಾಮೆಟ್ರಿಕ್ಸ್, ಅಂದ್ರೆ ಅಂಕಿಅಂಶ ಇಟ್ಕೊಂಡು ಆರ್ಥಿಕ ವಿಷಯಗಳನ್ನ ಅಳೆದು ನೋಡೋ ಪೇಪರ್, ಅದಕ್ಕೆ ಹೆದರಿ ಬಿಡೋರೂ ತುಂಬಾ ಇದಾರೆ, ಆದ್ರೆ ತೊಗರಿ ರೇಟ್ ಬಿದ್ದಿದ್ದು ಬೆಳೆ ಜಾಸ್ತಿ ಬಂದಿದ್ದಕ್ಕಾ, ಆಮದಿನಿಂದಾನಾ ಅಂತ ಬಿಡಿಸಿ ನೋಡೋಕೆ ಅದೇ ಬೇಕು ಅಂತ ಹೇಳೋರು ಯಾರು? ಫಾರ್ಮ್ ಕೊಡೋ ಮುಂಚೆ ಪ್ರತಿ ಪೇಪರ್‌ದೂ ಒಂದೊಂದು ಗಂಟೆ ಕ್ಲಾಸ್ ಮಾಡಿ ತೋರಿಸ್ಲಿ, ಆರು ಜನ ಇದ್ರೂ ಪಾಠ ನಡೀಲಿ.

– ಒಬ್ಬ ತಂದೆ, ತುಮಕೂರು