ಝೆನ್ ಸೀಟಿನ ಬಣ್ಣ, ಮತ್ತೆ ಆ ಬೆಲ್ಟು: ಗೆಳೆಯನಿಗೊಂದು ಪತ್ರ

ಗೆಳೆಯಾ,

ಫೋಟೊ ನೋಡಿದೆ. ನಿಮ್ಮಪ್ಪನ ಹಳೇ ಮಾರುತಿ ಝೆನ್ ಕಾರಿನ ಸೀಟು ಬೂದು ಬಣ್ಣ ಬಿಟ್ಟು ಕಂದು ಬಣ್ಣಕ್ಕೆ ತಿರುಗಿದೆ. "ರೇಷ್ಮೆ ಊರು ಶಿಡ್ಲಘಟ್ಟದವನಿಗೆ ಬಣ್ಣ ಹಾಕೋದು ಹೇಳಿಕೊಡಬೇಕಾ, ಪುಡಿ ಕಲಸಿ ಬಳಿದರಾಯ್ತು" ಅಂತ ಬರೆದಿದ್ದೀಯ. ಅಲ್ಲೇ ನಿಲ್ಲು. ರೇಷ್ಮೆ, ಹತ್ತಿ ಬಣ್ಣ ಕುಡಿಯುತ್ತವೆ. ಕಾರಿನ ಸೀಟು ಬಹುಪಾಲು ಪಾಲಿಯೆಸ್ಟರ್. ಅದಕ್ಕೆ ಕಾರ್ಖಾನೆಯಲ್ಲಿ ಡಿಸ್ಪರ್ಸ್ ಡೈ ಅನ್ನೋ, ಪಾಲಿಯೆಸ್ಟರ್‌ಗೆ ಹಿಡಿಯೋ ಬಣ್ಣ ಹಾಕಿ, ಒತ್ತಡದಲ್ಲಿ ಸುಮಾರು 130 ಡಿಗ್ರಿ ಕಾಯಿಸಿ ಬಣ್ಣ ಹಿಡಿಸುತ್ತಾರೆ. ಸೀಟನ್ನು ಹಂಡೆಯಲ್ಲಿ ಕುದಿಸೋಕಾಗುತ್ತಾ? ಹತ್ತಿಗೆ ಹಾಕೋ ಪುಡಿ ಬಳಿದರೆ ಅದಷ್ಟೂ ನಿಮ್ಮಪ್ಪನ ಬಿಳಿ ಪಂಚೆಗೆ. ಮನೇಲಿ ಆಗೋದು ಬಟ್ಟೆಗೆ ಬಳಸೋ ಅಕ್ರಿಲಿಕ್ ಪೇಂಟ್, ನೂಲಿನ ಮೇಲೆ ತೆಳ್ಳಗೆ ಕೂರೋ ಬಣ್ಣ. ಈಗಿರೋದಕ್ಕಿಂತ ಗಾಢ ಮಾಡಬಹುದು, ತಿಳಿ ಮಾಡೋಕಾಗಲ್ಲ.

ಅದಕ್ಕೂ ಮೊದಲು ತೊಳಿ. ನಮ್ಮ ಕಡೆಯ ಕೆಂಪು ಧೂಳು, ಬೆವರು, ತಲೆಗೆ ಹಚ್ಚಿದ ಎಣ್ಣೆ ಸೇರಿ ಕೂತಿರೋದನ್ನೇ ಬಣ್ಣ ಹೋಗಿದೆ ಅಂದುಕೊಳ್ಳೋರು ಬಹಳ. ಹೆಡ್‌ರೆಸ್ಟ್ ಎತ್ತಿ ಅದರ ಅಡಿ ಭಾಗ ನೋಡು, ನಿಜವಾದ ಬಣ್ಣ ಅಲ್ಲಿರುತ್ತೆ. ಬಾಗಿಲ ಕಡೆಯ ಅಂಚು, ಹಿಂದಿನ ಸೀಟಿನ ಮೇಲ್ತುದಿ ಹೆಚ್ಚು ಬಿಳಿಚಿದ್ದರೆ ಅದು ಬಿಸಿಲಿನದೇ ಕೆಲಸ. ಮುಂದಿನ ಗಾಜಿನ ಎರಡು ಪದರದ ನಡುವೆ ಇರೋ ಪ್ಲಾಸ್ಟಿಕ್ ಹಾಳೆ ನೇರಳಾತೀತ ಕಿರಣವನ್ನು ಬಹುಪಾಲು ತಡೆಯುತ್ತೆ, ಪಕ್ಕದ ಗಾಜು ಅಷ್ಟು ತಡೆಯಲ್ಲ.

ಬೋರ್‌ವೆಲ್ ನೀರು ಮುಟ್ಟಬೇಡ. ನಿಮ್ಮೂರದ್ದೂ ಗಡುಸು, ನಮ್ಮ ಕೋಲಾರದ್ದೂ ಗಡುಸು. ಸೋಪು ನೊರೆ ಬಿಡಲ್ಲ, ಒಣಗಿದ ಮೇಲೆ ಬಿಳಿ ಗೆರೆ ಏಳುತ್ತೆ. ಕಾಯಿನ್ ಹಾಕಿ ಹಿಡಿಯೋ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಾ. ವ್ಯಾಕ್ಯೂಮ್‌ನಲ್ಲಿ ಹೊಲಿಗೆ ಸಂದಿನ ಧೂಳೆಲ್ಲ ಎಳೆದ ಮೇಲೆ, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಲಿಕ್ವಿಡ್ ಸೋಪು. ಜಾಸ್ತಿ ಹಾಕಿದರೆ ಉಳಿದ ಸೋಪೇ ಧೂಳು ಹಿಡಿಯುತ್ತೆ. ನೊರೆಯಲ್ಲಿ ಮೆತ್ತನೆ ಬ್ರಷ್ ಅದ್ದಿ ಉಜ್ಜು, ನೀರು ಸುರಿಯಬೇಡ. ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆವರೆಗೆ ಪೂರ್ತಿ ಒರೆಸು. ಕಲೆ ಇದ್ದ ಕಡೆ ಮಾತ್ರ ಒರೆಸಿದರೆ ಅದರ ಸುತ್ತ ಉಂಗುರ ಬೀಳುತ್ತೆ. ಆಮೇಲೆ ಬಾಗಿಲು ತೆಗೆದು, ನೆರಳಲ್ಲಿ, ಫ್ಯಾನ್ ಹಾಕಿ ಒಂದು ಪೂರ್ತಿ ದಿನ ಒಣಗಲಿ. ಒಳಗೆ ಫೋಮ್ ಒದ್ದೆ ಉಳಿದರೆ ಮುಗ್ಗಲು ವಾಸನೆ ಹಿಡಿಯುತ್ತೆ, ಆಮೇಲೆ ಹೋಗಲ್ಲ. (ಹಿಂದಿನ ಸೀಟಿನ ಪರಂಗಿ ಹಣ್ಣಿನ ವಿಷಯ ಇಲ್ಲಿ ಬರೆಯಲ್ಲ, ಹೆದರಬೇಡ.)

ಈಗ ಬಣ್ಣ. ಒಂದು ಪಾಲು ಬಣ್ಣ, ಒಂದು ಪಾಲು ಫ್ಯಾಬ್ರಿಕ್ ಮೀಡಿಯಂ (ಪೇಂಟು ಬಟ್ಟೆ ಮೇಲೆ ಮೆತ್ತಗೆ ಕೂರೋಕೆ ಬೆರೆಸೋ ದ್ರವ), ಒಂದು ಪಾಲು ನೀರು. ಎಲ್ಲ ಸೀಟಿಗೂ ಬೇಕಾದಷ್ಟನ್ನು ಒಂದೇ ಸಲ ಕಲಸಿ ಮುಚ್ಚಳದ ಡಬ್ಬಿಯಲ್ಲಿಡು. ಎರಡನೇ ಸಲ ಅದೇ ಛಾಯೆ ಸಿಗಲ್ಲ. ಒಣಗಿದಾಗ ಅಕ್ರಿಲಿಕ್ ಒಂದು ಛಾಯೆ ಗಾಢವಾಗುತ್ತೆ, ಹಾಗಾಗಿ ಸೀಟಿನ ಅಡಿಯಲ್ಲಿ ಅಂಗೈಯಗಲ ಬಳಿದು, ಮರುದಿನ ಹಗಲು ಬೆಳಕಲ್ಲಿ ನೋಡು. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದಾಗ ಬಣ್ಣ ಬರಬಾರದು. ಬಳಿಯೋ ಮುಂಚೆ ಸೀಟಿನ ಬಟ್ಟೆಗೆ ನೀರು ಸಣ್ಣಗೆ ಸಿಂಪಡಿಸು. ಮೊದಲ ಕೈ ಮಚ್ಚೆ ಮಚ್ಚೆಯಾಗೇ ಕಾಣುತ್ತೆ, ಅಲ್ಲಿ ಧೈರ್ಯ ಕಳಕೊಂಡು ದಪ್ಪಗೆ ಬಳಿದರೆ ಸೀಟು ಹಪ್ಪಳವಾಗುತ್ತೆ. ತೆಳ್ಳಗೆ ಎರಡು ಮೂರು ಕೈ, ಪ್ರತಿ ಕೈ ಒಣಗಿದ ಮೇಲೆ ಒಣ ಬ್ರಷ್‌ನಿಂದ ಎಳೆ ಬಿಡಿಸು. ಕೊನೆಗೆ ಹತ್ತಿ ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯ ಗುಂಡಿಯನ್ನು ಒಂದು ಚುಕ್ಕಿಗೆ, ಅಂದರೆ ಅತಿ ಕಡಿಮೆ ಬಿಸಿಗೆ, ಇಟ್ಟು ಆಡಿಸು. ಅದಕ್ಕಿಂತ ಜಾಸ್ತಿ ಇಟ್ಟರೆ ಬಟ್ಟೆಯ ಹಿಂದೆ ಅಂಟಿಸಿರೋ ತೆಳು ಫೋಮ್ ಸುಟ್ಟು ಕುಗ್ಗುತ್ತೆ.

ಬಳಿಯೋ ಮುಂಚೆ ಸೀಟಿನ ಬಟ್ಟೆಯನ್ನು ಉಗುರಲ್ಲಿ ಕೆರೆದು ನೋಡು. ಎಳೆ ಪುಡಿಯಾಗಿ ಉದುರಿದರೆ ಬಣ್ಣ ದಂಡ. ಬಿಸಿಲು ಬಣ್ಣ ಒಂದನ್ನೇ ತಿನ್ನಲ್ಲ ಕಣೋ, ನೂಲಿನ ಬಲವನ್ನೂ ತಿನ್ನುತ್ತೆ.

ಇದನ್ನು ಬರೀತಾ ನಿನ್ನ ಫೋಟೊ ಮತ್ತೆ ತೆಗೆದು ನೋಡಿದೆ. ಸೀಟಲ್ಲ, ಅದರ ಪಕ್ಕ ನೇತಾಡ್ತಿರೋ ಸೀಟ್ ಬೆಲ್ಟು. ಭುಜಕ್ಕೆ ಬರೋ ಕಡೆ ಬಿಳಿಚಿದೆ, ಅಂಚಲ್ಲಿ ನೂಲು ಎದ್ದು ಜುಂಗಾಗಿದೆ. ಅದೂ ಪಾಲಿಯೆಸ್ಟರೇ, ಅದೇ ಬಿಸಿಲು ತಿಂದಿರೋದು. ಉಳಿದ ಪೇಂಟನ್ನು ಅದಕ್ಕೂ ಬಳಿದು ಹೊಸದು ಮಾಡೋರಿದ್ದಾರೆ, ನೀನು ಮಾಡಬೇಡ. ಬೆಲ್ಟಿಗೆ ಬಣ್ಣ ಬೇಡ, ಬ್ಲೀಚ್ ಬೇಡ, ಸೋಪು ನೀರು ಬಿಟ್ಟು ಇನ್ನೇನೂ ಬೇಡ. ಅಂಚು ಬಿಚ್ಚಿದ ಬೆಲ್ಟನ್ನು ರಿಟ್ರಾಕ್ಟರ್ (ಬೆಲ್ಟನ್ನು ಒಳಗೆ ಸುತ್ತಿಕೊಳ್ಳೋ ಸುರುಳಿ) ಸಮೇತ ಬದಲಾಯಿಸಬೇಕು. ಸೀಟು ಚೆನ್ನಾಗಿ ಕಂಡರೆ ಬೆಲ್ಟಿನ ಕಡೆ ಯಾರ ಕಣ್ಣೂ ಹೋಗಲ್ಲ, ನನಗೆ ಭಯ ಅದೇ. ನಿಮ್ಮಪ್ಪ ಕೂರೋದು ಆ ಪಕ್ಕ. ನೀನು ರಾತ್ರಿ ಹೊತ್ತು ರಾಷ್ಟ್ರೀಯ ಹೆದ್ದಾರಿ 44 ಹಿಡಿಯೋದೂ ಗೊತ್ತು. ನೀನು "ತಲುಪಿದೆ" ಅಂತ ಮೆಸೇಜ್ ಹಾಕೋವರೆಗೂ ನನಗೆ ನಿದ್ದೆ ಬರಲ್ಲ. ಇದನ್ನು ನಾಲ್ಕು ಜನರ ಮುಂದೆ ಹೇಳಬೇಕು ಅಂತಿರಲಿಲ್ಲ, ಬಂತು, ಇರಲಿ. ದುಡ್ಡು ಒಂದಕ್ಕೇ ಆಗೋದಾದರೆ ಬೆಲ್ಟಿಗೆ ಹಾಕು. ಸೀಟು ಮುಂದಿನ ವರ್ಷ ನೋಡೋಣ.

ಸರಿ, ಬಹಳ ಗಂಭೀರ ಆಯ್ತು. ಬೂದು ಬಣ್ಣಕ್ಕೆ ಕಪ್ಪು, ಬಿಳಿ, ಒಂದು ಹನಿ ನೀಲಿ ಸಾಕು. ಹಸಿರು ಡಬ್ಬಿ ಮಾತ್ರ ಮುಟ್ಟಬೇಡ. ಯಾಕೆ ಅಂತ ನಿನಗೆ ಗೊತ್ತು, ಓದ್ತಿರೋರಿಗೆ ಹೇಳೋದು ಬೇಡ.

ಇಂತಿ ನಿನ್ನ,
ಕೋಲಾರದವನು