ಮೊಗ್ಗು ಉದುರಿದರೆ ಗೊಬ್ಬರ ಸುರಿಯಬೇಡಿ

ಮಾನ್ಯ ಸಂಪಾದಕರೇ,

ಮೊಗ್ಗು ಅರಳದೆ ಉದುರಿದರೆ ಗಿಡಕ್ಕೆ ಶಕ್ತಿ ಸಾಲದೆಂದು ಯೂರಿಯಾ ಹಾಕುವವರೇ ಹೆಚ್ಚು. ಅದರಲ್ಲಿನ ಸಾರಜನಕ ಮಿತಿಮೀರಿದರೆ ಎಲೆ ಸೊಕ್ಕುತ್ತದೆ, ಹೂವು ಹಿಂದೆ ಬೀಳುತ್ತದೆ. ಮೊದಲು ಉದುರಿದ ಮೊಗ್ಗನ್ನೇ ಉಗುರಿನಿಂದ ಸೀಳಿ ನೋಡಬೇಕು. ದಾಸವಾಳದ ಮೊಗ್ಗು ಹಳದಿಯಾಗಿ, ಒಳಗೆ ಪುಟ್ಟ ಬಿಳಿ ಹುಳುಗಳು ಮಿಸುಕಾಡುತ್ತಿದ್ದರೆ ಅವು ಮೊಗ್ಗು ನೊಣದ ಮರಿಗಳು. ಅವು ಮಣ್ಣಿಗಿಳಿದು ಕೋಶವಾಗಿ (ಪ್ಯೂಪಾ), ಮತ್ತೆ ನೊಣವಾಗಿ ಹೊರಬರುತ್ತವೆ. ಹಾಗಾಗಿ ಬಿದ್ದ ಮೊಗ್ಗನ್ನು ದಿನವೂ ಹೆಕ್ಕಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎಸೆಯಬೇಕು. ಗೊಬ್ಬರದ ಗುಂಡಿಗೆ ಹಾಕಿದರೆ ಹುಳುವನ್ನು ನಾವೇ ಸಾಕಿದ ಹಾಗೆ.

ಗುಲಾಬಿಯ ಎಸಳಂಚು ಕಂದಾಗಿ ಮೊಗ್ಗು ಅರ್ಧಕ್ಕೇ ನಿಂತರೆ ಅದನ್ನು ಬಿಳಿ ಹಾಳೆಯ ಮೇಲೆ ತಟ್ಟಿ. ನೀಳ ಸಣ್ಣ ಕೀಟಗಳು ಓಡಾಡಿದರೆ ಥ್ರಿಪ್ಸ್. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಒಂದೆರಡು ಹನಿ ಸೋಪಿನ ದ್ರಾವಣ ಬೆರೆಸಿ ವಾರಕ್ಕೊಮ್ಮೆ ಸಂಜೆ ಸಿಂಪಡಿಸಿ. ಬಿಗಿದ ಮೊಗ್ಗಿನೊಳಕ್ಕೆ ಇದು ಇಳಿಯದು, ಕೆಟ್ಟದ್ದನ್ನು ಕತ್ತರಿಸುವುದೇ ಲೇಸು. ಹೊರ ಎಸಳು ಮಳೆಗೆ ನೆನೆದು, ಬಿಸಿಲಿಗೆ ಒಣಗಿ ಕಾಗದದಂತೆ ಅಂಟಿಕೊಂಡಿದ್ದರೆ ಕೀಟದ ತಪ್ಪಿಲ್ಲ. ನೀರನ್ನು ಬುಡಕ್ಕಷ್ಟೇ ಹಾಕಿ.

ಇದ್ಯಾವುದೂ ಕಾಣದಿದ್ದರೆ ನೀರಿನ ಏರುಪೇರನ್ನು ಶಂಕಿಸಬೇಕು. ಮೇಲಿನ ಒಂದು ಅಂಗುಲ ಮಣ್ಣು ಒಣಗಿದಾಗ ನೀರುಣಿಸಿ. ಮೊಗ್ಗು ಕಟ್ಟಿದ ಕುಂಡದ ಜಾಗ ಬದಲಿಸಬೇಡಿ.

– ಓರ್ವ ಓದುಗ